ಚಿಕಲಠಾಣಾದಲ್ಲಿ ಉಳಿದವರು, ಹುಬ್ಬಳ್ಳಿಗೆ ಬಂದವರು

ಇನ್ಫೋಸಿಸ್‌ನ ಅಟ್ರಿಷನ್ ದರ 2022ರ ಜೂನ್ ಅಂತ್ಯಕ್ಕೆ ಶೇ 28.4 ಇತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ನೂರಕ್ಕೆ ಇಪ್ಪತ್ತೆಂಟು ಮಂದಿ ತಾವಾಗಿಯೇ ಪೇಪರ್ ಹಾಕಿ ಹೊರಟಿದ್ದರು ಎಂದು ಅದರ ಅರ್ಥ. 2024ರ ಮಾರ್ಚ್ ಹೊತ್ತಿಗೆ ಅದೇ ದರ ಶೇ 12.6ಕ್ಕೆ ಇಳಿಯಿತು. ಟಿಸಿಎಸ್‌ನಲ್ಲೂ ಹೀಗೇ ಆಯಿತು: 2022ರ ಸೆಪ್ಟೆಂಬರ್‌ನಲ್ಲಿ ಶೇ 21.5 ಇದ್ದದ್ದು ಒಂದೂವರೆ ವರ್ಷದಲ್ಲಿ ಶೇ 12.5ಕ್ಕೆ ಬಂತು. ಇಷ್ಟನ್ನೇ ನೋಡಿದರೆ, ಕೆಲಸದಿಂದ ಕೆಲಸಕ್ಕೆ ಜಿಗಿಯುತ್ತಾರೆಂದು ಎಲ್ಲರೂ ದೂರುತ್ತಿದ್ದ ಐಟಿ ಹುಡುಗ ಹುಡುಗಿಯರಿಗೆ ಎರಡೇ ವರ್ಷದಲ್ಲಿ ಕಂಪನಿಯ ಮೇಲೆ ನಿಷ್ಠೆ ಮೂಡಿತು ಎನ್ನಬೇಕಾಗುತ್ತದೆ.

ನಡೆದದ್ದು ಬೇರೆ. 2023–24ರ ಒಂದೇ ಆರ್ಥಿಕ ವರ್ಷದಲ್ಲಿ ಟಿಸಿಎಸ್‌ನ ನೌಕರರ ಸಂಖ್ಯೆ 13,249ರಷ್ಟು, ಇನ್ಫೋಸಿಸ್‌ನದು 25,994ರಷ್ಟು, ವಿಪ್ರೊದ್ದು 24,516ರಷ್ಟು ಕಡಿಮೆಯಾಯಿತು. ಮೂರೂ ಸೇರಿ ಹೆಚ್ಚುಕಡಿಮೆ 64,000. ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತ್ತು, ಪ್ರಾಜೆಕ್ಟುಗಳು ಸೊರಗಿದ್ದವು, ಒಂದು ಕಂಪನಿ ಬಿಟ್ಟವನನ್ನು ಕರೆದುಕೊಳ್ಳಲು ಇನ್ನೊಂದು ಕಂಪನಿ ಇರಲಿಲ್ಲ. ಜನ ಉಳಿದರು, ಯಾಕೆಂದರೆ ಹೋಗಲು ಜಾಗವಿರಲಿಲ್ಲ.

ನೌಕರ ಉಳಿದಿದ್ದಾನೆ ಎಂಬಷ್ಟರಿಂದಲೇ ಅವನ ನಿಷ್ಠೆ ತಿಳಿಯುವುದಿಲ್ಲ. ಬಾಗಿಲು ತೆರೆದಿದ್ದಾಗಲೂ ಉಳಿದನೇ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಕಂಪನಿಗಳ ಎಚ್‌ಆರ್ ವಿಭಾಗಗಳು, ಸರ್ಕಾರದ ಐಟಿ ನೀತಿಗಳು, ನಮ್ಮ ಪತ್ರಿಕೆಗಳೂ ಉಳಿಯುವುದನ್ನೂ ನಿಷ್ಠೆಯನ್ನೂ ಒಂದೇ ಎಂದು ಓದುತ್ತಾ ಬಂದಿವೆ. ಹಾಗೆ ಓದಿದ್ದರಿಂದ ಸಣ್ಣ ಊರುಗಳಿಗೆ ಐಟಿ ಒಯ್ಯುವ ನಮ್ಮ ಯೋಜನೆಗಳಲ್ಲಿ ಒಂದು ದೊಡ್ಡ ತಪ್ಪು ಸೇರಿಕೊಂಡಿದೆ ಎಂದು ನನ್ನ ನಂಬಿಕೆ. ಅದನ್ನು ಬೆಂಗಳೂರಿನಲ್ಲಿ ನಿಂತು ನೋಡುವುದು ಕಷ್ಟ. ಚಿಕಲಠಾಣಾದಂಥ ಜಾಗದಿಂದ ನೋಡಿದರೆ ಸುಲಭವಾಗಿ ಕಾಣುತ್ತದೆ.

ನಾವು ಔರಂಗಾಬಾದ್ ಎಂದು ಕರೆಯುತ್ತಿದ್ದ, 2023ರಿಂದ ಛತ್ರಪತಿ ಸಂಭಾಜಿನಗರ ಎಂದಾಗಿರುವ ನಗರದ ಪೂರ್ವ ದಿಕ್ಕಿಗೆ, ಜಾಲ್ನಾ ರಸ್ತೆಯಲ್ಲಿ ಚಿಕಲಠಾಣಾ ಇದೆ. ಊರಿನ ವಿಮಾನ ನಿಲ್ದಾಣ ಅಲ್ಲೇ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಎಂಐಡಿಸಿಯ ಹಳೆಯ ಕೈಗಾರಿಕಾ ವಸಾಹತೂ ಅಲ್ಲೇ. ಔಷಧ ಕಾರ್ಖಾನೆಗಳು, ಎಂಜಿನಿಯರಿಂಗ್ ವರ್ಕ್‌ಶಾಪುಗಳು ಇರುವ ಈ ವಸಾಹತಿನಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ಎಸ್‌ಟಿಪಿಐ, ತನ್ನ ಕೇಂದ್ರ ತೆರೆದಿದೆ. ಎಸ್‌ಟಿಪಿಐ ಹುಟ್ಟಿದ್ದು 1991ರಲ್ಲಿ. ಇಂಟರ್ನೆಟ್ ದುಬಾರಿಯಾಗಿದ್ದ ಆ ಕಾಲದಲ್ಲಿ ಸಣ್ಣ ಕಂಪನಿಗಳಿಗೆ ಉಪಗ್ರಹದ ಮೂಲಕ ವಿದೇಶದ ಗ್ರಾಹಕನ ತನಕ ಸಂಪರ್ಕ ಕೊಟ್ಟು, ರಫ್ತಿಗೆ ತೆರಿಗೆ ರಿಯಾಯಿತಿ ದೊರಕಿಸಿದ ಸಂಸ್ಥೆ ಅದು. ಆ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ಗೆ ಮುಗಿದುಹೋಯಿತು. ದೊಡ್ಡ ಕಂಪನಿಗಳು ವಿಶೇಷ ಆರ್ಥಿಕ ವಲಯಗಳಿಗೆ ಹೋದವು. ಇಂಥ ಕೇಂದ್ರಗಳ ಆಸರೆ ಬೇಕಾಗುವುದು ಈಗ ಹೆಚ್ಚಾಗಿ ಊರಿನ ಸಣ್ಣ ಕಂಪನಿಗಳಿಗೆ.

ಕನ್ನಡ ಓದುಗರಿಗೆ ಈ ನೆಲ ಪರಕೀಯವಲ್ಲ. ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಇತ್ತೀಚಿನ ಇತಿಹಾಸ ಇನ್ನೂ ಹತ್ತಿರದ್ದು. 1956ರವರೆಗೆ ಔರಂಗಾಬಾದ್, ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ರ ವಿಮೋಚನಾ ದಿನವನ್ನು ಎರಡೂ ಕಡೆಯವರು ಆಚರಿಸುತ್ತಾರೆ. ಹಿಂದುಳಿದ ಭಾಗವೆಂದು ಮರಾಠವಾಡಕ್ಕೆ ಸಂವಿಧಾನದ 371ನೇ ವಿಧಿ, ಕಲ್ಯಾಣ ಕರ್ನಾಟಕಕ್ಕೆ 371 ಜೆ. ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿ, ಒಬ್ಬರು ಪುಣೆಗೂ ಇನ್ನೊಬ್ಬರು ಬೆಂಗಳೂರು, ಹೈದರಾಬಾದಿಗೂ ಕಳಿಸಿ, ಹಬ್ಬಕ್ಕೆ ಬರುವುದನ್ನು ಕಾಯುವ ಮನೆಗಳು ಎರಡೂ ಕಡೆ ಒಂದೇ ತರಹ.

ಚಿಕಲಠಾಣಾದಂಥ ವಸಾಹತಿನಲ್ಲಿ ಮೂವತ್ತು, ಐವತ್ತು ಜನರ ಸಾಫ್ಟ್‌ವೇರ್ ಕಂಪನಿ ನಡೆಸುವುದು ಹೇಗಿರುತ್ತದೆ ಎಂದು ಯೋಚಿಸಿ. ಊರಿನ ಕಾಲೇಜಿನಿಂದ ಬಂದ ಹುಡುಗನಿಗೆ ಆರು ತಿಂಗಳು ಕೆಲಸ ಕಲಿಸಬೇಕು. ಆ ಆರು ತಿಂಗಳು ಅವನಿಂದ ಗ್ರಾಹಕನಿಗೆ ಬಿಲ್ ಮಾಡಲಾಗುವುದಿಲ್ಲ, ಸಂಬಳ ಮಾತ್ರ ಕೊಡಬೇಕು. ಒಂದೂವರೆ ವರ್ಷದಲ್ಲಿ ಅವನ ಕೈ ಕುದುರುತ್ತದೆ. ಆಗ ಪುಣೆಯಿಂದ, ರಸ್ತೆಯಲ್ಲಿ ಐದಾರು ಗಂಟೆಯ ಹಾದಿ, ಕರೆ ಬರುತ್ತದೆ. ಮಾಲೀಕನ ಸಂಕಟ ಸುಳ್ಳಲ್ಲ. ಅವನ ಬಾಯಲ್ಲಿ ‘ನಿಯತ್ತಿಲ್ಲದ ಹುಡುಗರು’ ಎಂಬ ಮಾತು ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಆದರೆ ಅದೇ ಮಾಲೀಕ ತನ್ನಲ್ಲಿ ಹತ್ತು ವರ್ಷದಿಂದ ಉಳಿದವರನ್ನು ತೋರಿಸಿ ‘ಇವರು ನಂಬಿಗಸ್ತರು’ ಎಂದಾಗ ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಅವರಲ್ಲಿ ಎಷ್ಟು ಜನ ಕಂಪನಿಗಾಗಿ ಉಳಿದರು, ಎಷ್ಟು ಜನ ಹಾಸಿಗೆ ಹಿಡಿದ ತಂದೆಗಾಗಿ, ಊರಿನ ಮನೆಸಾಲಕ್ಕಾಗಿ, ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ಹೆಂಡತಿಯ ನೌಕರಿಗಾಗಿ ಉಳಿದರು?

ಕೆನಡದ ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲನ್ 1991ರಲ್ಲಿ ಇದನ್ನು ಬಿಡಿಸಿಟ್ಟರು. ನೌಕರ ಸಂಸ್ಥೆಗೆ ಅಂಟಿಕೊಳ್ಳುವುದಕ್ಕೆ ಮೂರು ಬೇರೆಬೇರೆ ಕಾರಣಗಳಿವೆ ಎಂಬುದು ಅವರ ವಾದ. ಕೆಲಸ, ಜೊತೆಗಾರರು ಇಷ್ಟವಾಗಿ ಉಳಿಯುವುದು ಒಂದು. ಬಿಟ್ಟರೆ ನಷ್ಟವಾಗುತ್ತದೆ, ಬೇರೆ ದಾರಿಯಿಲ್ಲ ಎಂಬ ಲೆಕ್ಕದಿಂದ ಉಳಿಯುವುದು ಮತ್ತೊಂದು. ನನಗೆ ಅನ್ನ ಕೊಟ್ಟರು, ಬಿಡುವುದು ಸರಿಯಲ್ಲ ಎಂಬ ಋಣದ ಭಾವನೆಯಿಂದ ಉಳಿಯುವುದು ಮೂರನೆಯದು. ಹಾಜರಿ ಪುಸ್ತಕದಲ್ಲಿ ಮೂವರೂ ಒಂದೇ. ಕೆಲಸದಲ್ಲಿ ಒಂದೇ ಅಲ್ಲ. ಇಷ್ಟವಿದ್ದು ಉಳಿದವನು ಹೊಸಬನಿಗೆ ಕಲಿಸುತ್ತಾನೆ, ತಪ್ಪನ್ನು ಮುಚ್ಚಿಡುವುದಿಲ್ಲ, ರಾತ್ರಿ ಸರ್ವರ್ ಬಿದ್ದರೆ ತಾನಾಗಿ ಎದ್ದು ನೋಡುತ್ತಾನೆ. ಬೇರೆ ದಾರಿಯಿಲ್ಲದೆ ಉಳಿದವನು ಕೇಳಿದಷ್ಟು ಮಾಡುತ್ತಾನೆ. ಅವನನ್ನು ದೂರುವಂತಿಲ್ಲ, ಆದರೆ ಅವನ ಉಳಿವನ್ನು ಕಂಪನಿ ತನ್ನ ಹಿರಿಮೆ ಎಂದುಕೊಂಡರೆ ಮೋಸಹೋಗುವುದು ಕಂಪನಿಯೇ.

ಋಣದ ಭಾವನೆ ಬೆಂಗಳೂರಿಗೆ ಹೊಸದಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಊರು ಇದು. ಕಂಪನಿಯ ಕ್ವಾರ್ಟರ್ಸ್, ಕಂಪನಿಯ ಶಾಲೆ, ಕಂಪನಿಯ ಆಸ್ಪತ್ರೆ. ಅಪ್ಪ ಸೇರಿದ ಕಾರ್ಖಾನೆಯಲ್ಲೇ ನಿವೃತ್ತಿ. ಆ ನಿಷ್ಠೆಗೆ ಪ್ರತಿಯಾಗಿ ಕಂಪನಿಯೂ ಕೈಬಿಡದು ಎಂಬ ನಂಬಿಕೆಯಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸಲು ತೊಡಗಿದ ಎಚ್‌ಎಂಟಿಯ ವಾಚ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಮೂವತ್ತು ವರ್ಷ ದುಡಿದು ಕೊನೆಗೆ ವಿಆರ್‌ಎಸ್ ಪಡೆದು ಬಂದವರ ಮಕ್ಕಳು ಇಂದು ಐಟಿಯಲ್ಲಿದ್ದಾರೆ. ಅಪ್ಪನಿಗೆ ಆದದ್ದನ್ನು ಅವರು ಮನೆಯಲ್ಲೇ ಕಂಡಿದ್ದಾರೆ. ಒಂದೇ ಕಂಪನಿಯನ್ನು ನೆಚ್ಚಿ ಕೂರಬೇಡ ಎನ್ನುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಐಟಿ ಕಂಪನಿಗಳೂ ಈ ಪಾಠವನ್ನು ಗಟ್ಟಿ ಮಾಡಿದವು. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ವರ್ಷಕ್ಕೂ ಮೀರಿ ವರ್ಷಕ್ಕೆ ಮೂರೂಕಾಲು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತು. ಅಷ್ಟರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟದ ಬೆಲೆ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು. 2024–25ರಲ್ಲಿ ಇನ್ಫೋಸಿಸ್ ಸಿಇಒ ಪಡೆದ ಒಟ್ಟು ಸಂಭಾವನೆ 80.62 ಕೋಟಿ ರೂಪಾಯಿ. ಒಳಗೇ ಇದ್ದವರಿಗೆ ಅಪ್ರೈಸಲ್‌ನಲ್ಲಿ ಸಣ್ಣ ಹೈಕ್ ಸಿಕ್ಕರೆ, ಅದೇ ಅನುಭವದೊಂದಿಗೆ ಹೊರಗಿನಿಂದ ಬಂದವರು ಪಕ್ಕದ ಸೀಟಿನಲ್ಲಿ ಬಹಳ ಹೆಚ್ಚಿನ ಸಂಬಳಕ್ಕೆ ಕೂರುತ್ತಾರೆ. ಹೀಗಿರುವಾಗ ಉಳಿದವನಿಗೆ ಸಂಸ್ಥೆ ಪ್ರತಿವರ್ಷ ಹೇಳುತ್ತಿರುವುದು ಒಂದೇ: ನಿನ್ನ ಬೆಲೆ ಹೆಚ್ಚಬೇಕಾದರೆ ಹೊರಗೆ ಹೋಗು.

2022ರಲ್ಲಿ ಇನ್ಫೋಸಿಸ್ ಆಫರ್ ಲೆಟರ್ ಕೈಗೆ ಸಿಕ್ಕಿದ ಪದವೀಧರರಲ್ಲಿ ಸುಮಾರು ಎರಡು ಸಾವಿರ ಮಂದಿ ಕೆಲಸಕ್ಕೆ ಸೇರಲು ಎರಡು ವರ್ಷಕ್ಕೂ ಹೆಚ್ಚು ಕಾದರು. ಊರಿನಲ್ಲಿ ಸಿಹಿ ಹಂಚಿ, ನೆಂಟರಿಗೆಲ್ಲ ಹೇಳಿ, ಆಮೇಲೆ ಎರಡು ವರ್ಷ ‘ಯಾವಾಗ ಜಾಯಿನಿಂಗ್?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಕುಳಿತವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಅಂತೂ 2024ರ ಅಕ್ಟೋಬರ್‌ನಲ್ಲಿ ಸೇರಿದವರಲ್ಲಿ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳು 2025ರ ಫೆಬ್ರುವರಿಯಲ್ಲಿ ಮೈಸೂರು ಕ್ಯಾಂಪಸ್‌ನಿಂದ ಹೊರಬಿದ್ದರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ರಾಜ್ಯದ ಕಾರ್ಮಿಕ ಇಲಾಖೆ ಪರಿಶೀಲಿಸಿ ಕಾನೂನು ಉಲ್ಲಂಘನೆ ಕಾಣಲಿಲ್ಲ ಎಂದಿತು. ಕಾನೂನಿನ ಪ್ರಕಾರ ಸರಿಯಿರಬಹುದು. ಆದರೆ ಎರಡು ವರ್ಷ ಬೇರೆ ಕಡೆ ಹೋಗದೆ ಕಾದದ್ದು ಕೂಡ ನಿಷ್ಠೆಯೇ ಆಗಿತ್ತು. ಅದಕ್ಕೆ ಯಾವ ಲೆಕ್ಕದಲ್ಲೂ ಜಾಗ ಸಿಗಲಿಲ್ಲ. 2025ರ ಜೂನ್‌ನಲ್ಲಿ ಟಿಸಿಎಸ್ ವರ್ಷಕ್ಕೆ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ 35 ದಿನಕ್ಕಿಂತ ಹೆಚ್ಚು ಕೂರಬಾರದು ಎಂಬ ನಿಯಮ ತಂದಿತು. ಮುಂದಿನ ತಿಂಗಳೇ ಸುಮಾರು 12,000 ಮಂದಿಯನ್ನು, ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು, ಕೈಬಿಡುವುದಾಗಿ ಪ್ರಕಟಿಸಿತು. ಹದಿನೈದು ವರ್ಷ ಅಲ್ಲೇ ಇದ್ದವರು ಆ ಪಟ್ಟಿಯಲ್ಲಿ ತಮ್ಮ ಹೆಸರು ಇರಬಹುದೇ ಎಂದು ಹೆದರಬೇಕಾಯಿತು.

ನೌಕರರ ಕಡೆ ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ 300 ಮಂದಿಯನ್ನು ಮೂನ್‌ಲೈಟಿಂಗ್ ಕಾರಣಕ್ಕೆ ತೆಗೆದುಹಾಕಿತು. ಅವರು ನೇರ ಪ್ರತಿಸ್ಪರ್ಧಿ ಕಂಪನಿಗಳಿಗೆ ಅದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದರು ಎಂದು ಕಂಪನಿ ಹೇಳಿತು. ಎರಡೂ ಕಡೆ ಪೂರ್ಣಾವಧಿ ಸಂಬಳ ಪಡೆದು ಒಬ್ಬರ ಗುಟ್ಟು ಇನ್ನೊಬ್ಬರ ಕೈಗೆ ಸಿಗುವ ಜಾಗದಲ್ಲಿ ಕೂರುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮೂರು ಆಫರ್ ಒಪ್ಪಿಕೊಂಡು ಸೇರುವ ದಿನ ಫೋನ್ ಎತ್ತದೇ ಇರುವುದೂ ಹಾಗೆಯೇ. ಅದರ ಹೊಡೆತ ದೊಡ್ಡ ಕಂಪನಿಗಿಂತ ಚಿಕಲಠಾಣಾದ ಸಣ್ಣ ಕಂಪನಿಗೇ ಹೆಚ್ಚು.

ಕಂಪನಿಗಳು ಇದಕ್ಕೆ ಕಂಡುಕೊಂಡ ಮದ್ದು ಬಾಂಡ್ ಮತ್ತು ನೋಟಿಸ್. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಲಕ್ಷ ಎರಡು ಲಕ್ಷ ಕಟ್ಟಬೇಕು ಎಂಬ ಕರಾರು. ಕೆಲವು ಕಡೆ ಮೂಲ ಅಂಕಪಟ್ಟಿಗಳನ್ನೇ ಇಟ್ಟುಕೊಳ್ಳುವ ಕೆಟ್ಟ ಪದ್ಧತಿ. ಬಾಂಡ್ ಬಗ್ಗೆ ಈಚೆಗೆ ಒಂದು ಮುಖ್ಯ ತೀರ್ಪು ಬಂದಿದೆ, ಅದು ಕರ್ನಾಟಕದ್ದೇ ಪ್ರಕರಣ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್‌ನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಕರಾರಿನಂತೆ 2 ಲಕ್ಷ ರೂಪಾಯಿ ಪ್ರತಿಭಟಿಸುತ್ತಲೇ ಕಟ್ಟಿ, ಆ ಷರತ್ತನ್ನೇ ಪ್ರಶ್ನಿಸಿದರು. ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. 1872ರ ಕರಾರು ಕಾಯ್ದೆಯ 27ನೇ ಕಲಮು ವೃತ್ತಿಗೆ ಅಡ್ಡಿಪಡಿಸುವ ಒಪ್ಪಂದಗಳನ್ನು ಅನೂರ್ಜಿತ ಎನ್ನುತ್ತದೆ. ಆದರೆ ಈ ಷರತ್ತು ಕೆಲಸ ಬಿಟ್ಟ ಮೇಲೆ ಎಲ್ಲಿ ಸೇರಬಾರದು ಎಂದು ಹೇಳುವುದಿಲ್ಲ, ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವ ವೆಚ್ಚವಿದೆ, ಹಿರಿಯ ಹುದ್ದೆಯ ಸಂಬಳಕ್ಕೆ ಆ ಮೊತ್ತ ಅತಿಯಲ್ಲ ಎಂಬುದು ನ್ಯಾಯಾಲಯದ ನಿಲುವು. ಐಟಿ ಕಂಪನಿಗಳ ಎಚ್‌ಆರ್‌ನವರು ಈ ತೀರ್ಪನ್ನು ತಮ್ಮ ಗೆಲುವೆಂದು ಓದಿಕೊಳ್ಳಬಾರದು. ಅದು ಸಾರ್ವಜನಿಕ ರಂಗದ ಹಿರಿಯ ಹುದ್ದೆಯ ಮಾತು. ತಿಂಗಳಿಗೆ ಹದಿನೈದು ಸಾವಿರ ಪಡೆಯುವ ಟ್ರೈನಿಯ ಮೇಲೆ ಹೇರಿದ 2 ಲಕ್ಷಕ್ಕೆ ಅದೇ ತರ್ಕ ಹೊಂದುವುದಿಲ್ಲ.

ಕಾನೂನು ದೀರ್ಘ ಸೇವೆಗೆ ಕೊಡುವ ಉಡುಗೊರೆಯನ್ನೂ ನೋಡಿ. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ತುಂಬಿದವರಿಗೆ ವರ್ಷಕ್ಕೆ ಹದಿನೈದು ದಿನದ ವೇತನ ಕೊಡಬೇಕು ಎಂದಿತು. ಬಹುತೇಕ ಐಟಿ ಕಂಪನಿಗಳು ಮೂಲ ವೇತನದ ಶೇ 4.81ರಷ್ಟನ್ನು ಗ್ರಾಚ್ಯುಟಿ ಹೆಸರಲ್ಲಿ ಮೊದಲ ದಿನದಿಂದಲೇ ಸಿಟಿಸಿಯಲ್ಲಿ ಸೇರಿಸಿ ತೋರಿಸುತ್ತವೆ. ಮೂರು ವರ್ಷಕ್ಕೆ ಹೊರಟವನಿಗೆ ಆ ಹಣ ಸಿಗುವುದೇ ಇಲ್ಲ. ಸಂಬಳ ಎಂದು ಕಾಗದದಲ್ಲಿ ಕಂಡದ್ದು ಕೈಗೆ ಬರಲಿಲ್ಲವೆಂದು ಗೊತ್ತಾದ ದಿನವೇ ಅವನ ನಂಬಿಕೆ ಒಂದಷ್ಟು ಕರಗುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷದ ಸೇವೆಗೂ ಗ್ರಾಚ್ಯುಟಿ ಕೊಡಬೇಕೆಂದಿದೆ. ಕಾಯಂ ನೌಕರರಿಗೆ ಹಳೆಯ ಐದು ವರ್ಷವೇ ಉಳಿದಿದೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಒಂದು ಸಣ್ಣ ಪುಸ್ತಕ ಇಡೀ ವಿಷಯಕ್ಕೆ ಬೆಳಕು ಹಿಡಿಯುತ್ತದೆ. ಅವರನ್ನು ಯೋಚನೆಗೆ ಹಚ್ಚಿದ್ದು ನೈಜೀರಿಯಾದ ರೈಲ್ವೆ. ಲಾರಿಗಳ ಪೈಪೋಟಿ ಇದ್ದರೂ ಅಲ್ಲಿನ ರೈಲು ಸೇವೆ ಸುಧಾರಿಸಲಿಲ್ಲ, ಹದಗೆಟ್ಟಿತು. ಯಾಕೆಂದರೆ ಜೋರಾಗಿ ದೂರು ಹೇಳಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು; ರೈಲ್ವೆಯನ್ನು ತಿದ್ದುವ ದನಿ ಇಲ್ಲವಾಯಿತು. ಹದಗೆಡುತ್ತಿರುವ ಸಂಸ್ಥೆಯಲ್ಲಿ ಮನುಷ್ಯನಿಗೆ ಎರಡು ದಾರಿ: ಹೊರಡುವುದು, ಇಲ್ಲವೇ ದನಿಯೆತ್ತುವುದು. ನಿಷ್ಠೆ ಇದ್ದವನು ಹೊರಡುವ ಮೊದಲು ದನಿಯೆತ್ತುತ್ತಾನೆ ಎಂಬುದು ಹರ್ಷ್‌ಮನ್ ಕಂಡ ಸತ್ಯ.

ನಮ್ಮ ಐಟಿಯಲ್ಲಿ ಈ ದನಿಗೆ ಜಾಗ ಬಹಳ ಕಡಿಮೆ. ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕದ ಐಟಿ ಕಂಪನಿಗಳಿಗೆ ಸರ್ಕಾರ ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂದಿತ್ತು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕೆಐಟಿಯು, 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಬೀದಿಗಿಳಿಯಿತು. ಸಂಘಕ್ಕೆ ಸೇರಿದವರನ್ನು ಕಂಪನಿಗೆ ಆಗದವರು ಎಂದು ನೋಡುವುದು ಎಷ್ಟು ದೊಡ್ಡ ತಪ್ಪು! ತೊಂದರೆ ಇದೆ ಎಂದು ಹೇಳುವಷ್ಟು ಕಾಳಜಿ ಇರುವವರು ಅವರು. ಮಾತಾಡದೆ ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ಹಾಕಿ, ಮೂರು ತಿಂಗಳ ನೋಟಿಸ್ ಮುಗಿಸಿ, ರಿಲೀವಿಂಗ್ ಲೆಟರ್ ಕೈಗೆ ಬರುವತನಕ ನಗುತ್ತಾ ಇರುವವರಿಂದ ಕಂಪನಿ ಏನನ್ನೂ ಕಲಿಯುವುದಿಲ್ಲ.

ಈಗ ಹುಬ್ಬಳ್ಳಿಯ ಮಾತು. ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ ಇನ್ಫೋಸಿಸ್‌ನ ಕ್ಯಾಂಪಸ್ ಇದೆ. ಕಟ್ಟಡ ಎದ್ದ ಮೇಲೂ ಬಹುಕಾಲ ಕೆಲಸ ಆರಂಭವಾಗದೆ ಇದ್ದಾಗ ಊರಿನವರು ಕೇಳುತ್ತಲೇ ಇದ್ದರು. ಕೊನೆಗೆ ಅದು ತೆರೆಯಿತು. ಆದರೆ ಅನುಭವಸ್ಥರು ಸಾಕಷ್ಟು ಬರಲಿಲ್ಲ. 2023ರ ಕೊನೆಯಲ್ಲಿ ಕಂಪನಿ ಹುಬ್ಬಳ್ಳಿಗೆ ಬರಲೊಪ್ಪುವ ಮಧ್ಯಮ ಹಂತದವರಿಗೆ ವಿಶೇಷ ಭತ್ಯೆ ಪ್ರಕಟಿಸಿತು: ಕೆಳಗಿನ ಹಂತಕ್ಕೆ ಆರಂಭದಲ್ಲಿ 25,000 ರೂಪಾಯಿ, ಆಮೇಲೆ ಎರಡು ವರ್ಷ ಆರಾರು ತಿಂಗಳಿಗೆ ಅಷ್ಟೇ ಮೊತ್ತ, ಮೇಲಿನ ಹಂತಕ್ಕೆ ಎರಡು ವರ್ಷದಲ್ಲಿ ಒಟ್ಟು 8 ಲಕ್ಷದವರೆಗೆ. ಉತ್ತರ ಕರ್ನಾಟಕದ ಎಷ್ಟೋ ಜನ ‘ನಮ್ಮೂರಾಗ ಕೆಲಸಾ ಸಿಕ್ರ ಇಲ್ಲ್ಯಾಕ ಇರತೀವಿ’ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದನ್ನು ನಾನು ಕೇಳಿದ್ದೇನೆ. ಅಂಥವರನ್ನು ಊರಿಗೆ ಕರೆತರಲು ಹಣ ಯಾಕೆ ಬೇಕಾಯಿತು?

ಅವರಿಗೆ ಊರಿನ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ. ಹುಬ್ಬಳ್ಳಿಯಲ್ಲಿ ಅವರ ಕೆಲಸಕ್ಕೆ ಸರಿಸಮನಾದ ಇನ್ನೊಂದು ದೊಡ್ಡ ಕಂಪನಿಯಿಲ್ಲ. ನಾಳೆ ಪ್ರಾಜೆಕ್ಟ್ ನಿಂತರೆ, ಮ್ಯಾನೇಜರ್ ಜೊತೆ ಹೊಂದದಿದ್ದರೆ, ಬೀದಿಯ ಆ ಬದಿಗೆ ಹೋಗಿ ಕೆಲಸ ಕೇಳಲು ಜಾಗವಿಲ್ಲ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಒಬ್ಬರಿಗೆ ವರ್ಗ ಸಿಕ್ಕಿದರೂ ಇನ್ನೊಬ್ಬರ ಕಂಪನಿ ಅಲ್ಲಿಲ್ಲ. ಆಗ ಕೆಲಸ ಬಿಡುವವಳು ಸಾಮಾನ್ಯವಾಗಿ ಹೆಂಡತಿ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಕಳೆಯುವವನಿಗೆ ಆ ರಸ್ತೆಯ ಎರಡೂ ಬದಿಯಲ್ಲಿ ಇರುವ ನೂರು ಕಂಪನಿಗಳೇ ಧೈರ್ಯ. ಒಂದೇ ಬಾಗಿಲಿನ ಊರಿಗೆ ಜನ ಹೆದರುತ್ತಾರೆ. ಚಿಕಲಠಾಣಾದಿಂದ ಪುಣೆಗೆ ಹೊರಡುವ ಹುಡುಗನ ಲೆಕ್ಕವೂ ಇದೇ: ಅವನು ಒಂದು ಕಂಪನಿಗೆ ಹೋಗುತ್ತಿಲ್ಲ, ಐವತ್ತು ಕಂಪನಿ ಇರುವ ಊರಿಗೆ ಹೋಗುತ್ತಿದ್ದಾನೆ.

ನಾಸಿಕ್ ಈ ಮಾತಿಗೆ ಇನ್ನೊಂದು ಮುಖ ತೋರಿಸುತ್ತದೆ. 2005ರಲ್ಲಿ ಅಲ್ಲಿ ಹುಟ್ಟಿದ ಇಎಸ್‌ಡಿಎಸ್, ಡೇಟಾ ಸೆಂಟರ್ ಮತ್ತು ಕ್ಲೌಡ್ ಸೇವೆಯ ಕಂಪನಿ, ಸಾತಪುರದಲ್ಲೇ ಬೇರು ಬಿಟ್ಟು ದೊಡ್ಡದಾಯಿತು. ಹೊರಗಿನ ದೊಡ್ಡ ಕಂಪನಿಯ ಶಾಖೆಗಾಗಿ ಕಾಯದೆ ಊರಿನವರೇ ಊರಲ್ಲಿ ಕಟ್ಟಿದಾಗ, ಅಲ್ಲಿ ಕಲಿತವರಲ್ಲಿ ಕೆಲವರು ಮುಂದೆ ತಮ್ಮದೇ ಕಂಪನಿ ತೆರೆಯಬಹುದು. ಬಾಗಿಲುಗಳು ಹೆಚ್ಚುವುದು ಹಾಗೆ. ಸಂಭಾಜಿನಗರದ ಉದ್ಯಮಿಗಳ ಸಂಘ ಸಿಎಂಐಎ ‘ಮ್ಯಾಜಿಕ್’ ಎಂಬ ಇನ್‌ಕ್ಯುಬೇಟರ್ ನಡೆಸುತ್ತಿರುವುದು, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಸ್ಟಾರ್ಟಪ್‌ಗಳನ್ನು ಸಾಕುತ್ತಿರುವುದು ಈ ಕಾರಣಕ್ಕೆ ನನಗೆ ದೊಡ್ಡ ಕ್ಯಾಂಪಸ್‌ಗಳಿಗಿಂತ ಮುಖ್ಯವೆನಿಸುತ್ತದೆ. ಕರ್ನಾಟಕ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಕಲಬುರಗಿಯ ಹೆಸರನ್ನೂ ಹೇಳುತ್ತಿದೆ. ಅಲ್ಲಿಗೆ ಐನೂರು ಸೀಟಿನ ಒಂದು ಶಾಖೆ ತರುವುದಕ್ಕೂ ಐವತ್ತು ಸೀಟಿನ ಹತ್ತು ಕಂಪನಿ ಬೆಳೆಸುವುದಕ್ಕೂ ಕಾಗದದ ಮೇಲೆ ವ್ಯತ್ಯಾಸ ಕಾಣದು. ಅಲ್ಲಿ ಕೆಲಸಕ್ಕೆ ಸೇರುವ ಹೆಣ್ಣುಮಗಳಿಗೆ ಅದು ಬದುಕಿನ ವ್ಯತ್ಯಾಸ.

ಹುಬ್ಬಳ್ಳಿಯ ಭತ್ಯೆಯ ಎರಡು ವರ್ಷ ಮೊದಮೊದಲು ಬಂದವರಿಗೆ 2026ರಲ್ಲಿ ಮುಗಿಯುತ್ತದೆ. ಆಮೇಲೆ ಎಷ್ಟು ಜನ ಅಲ್ಲೇ ಉಳಿದರು, ಅವರಲ್ಲಿ ಎಷ್ಟು ಜನರ ಕೈಯಲ್ಲಿ ಬೆಂಗಳೂರಿನದೋ ಪುಣೆಯದೋ ಆಫರ್ ಇತ್ತು, ಉಳಿದವರ ಸಂಬಳ ಹೊರಗಿನಿಂದ ಹೊಸದಾಗಿ ಬಂದವರಿಗೆ ಹೋಲಿಸಿದರೆ ಎಷ್ಟಿದೆ ಎಂಬ ಮೂರು ಲೆಕ್ಕಗಳನ್ನು ಇನ್ಫೋಸಿಸ್ ಪ್ರಕಟಿಸಬೇಕು. ಸಣ್ಣ ಊರಿನಲ್ಲಿ ಕಚೇರಿ ತೆರೆಯಲು ಸರ್ಕಾರದ ಜಮೀನು, ತೆರಿಗೆ ರಿಯಾಯಿತಿ ಪಡೆಯುವ ಪ್ರತಿ ಕಂಪನಿಯಿಂದಲೂ, ಅಟ್ರಿಷನ್ ದರದ ಜೊತೆಗೆ, ಇದೇ ಮೂರು ಲೆಕ್ಕಗಳನ್ನು ಪ್ರತಿವರ್ಷ ಕೇಳುವ ಷರತ್ತನ್ನು ರಾಜ್ಯದ ಐಟಿ ನೀತಿಯಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ.